ದೆವ್ವ ಸುಳ್ಳು, ಸತ್ತವರು?

1798ರ ಪ್ಯಾರಿಸ್. ರೊಬೆಸ್ಪಿಯರ್‌ನ ತಲೆ ಗಿಲೊಟಿನ್‌ಗೆ ಬಿದ್ದು ನಾಲ್ಕೇ ವರ್ಷ. ಲಿಯೇಜ್ ಊರಿನ ರಾಬರ್ಟ್‌ಸನ್ ಅನ್ನೋನು ಅಲ್ಲಿ 'ಫ್ಯಾಂಟಸ್ಮಗೋರಿಯಾ' ಅಂತ ದೆವ್ವದ ಶೋ ಶುರು ಮಾಡ್ದ. ಮರುವರ್ಷ ಅದು ಕಪುಚಿನ್ ಸನ್ಯಾಸಿನಿಯರ ಹಳೇ ಮಠಕ್ಕೆ ಹೋಯ್ತು.

ನನ್ನಂಥ ಇಂಜಿನಿಯರ್ ಕಣ್ಣಿಗೆ ಟ್ರಿಕ್ ಸರಳ. ಪರದೆ ಹಿಂದೆ ಚಕ್ರದ ಮೇಲೊಂದು ಪ್ರೊಜೆಕ್ಟರ್ ಲಾಟೀನು. ಹಿಂದಕ್ಕೆ ಎಳೆದರೆ ಬಿಂಬ ದೊಡ್ಡದಾಗುತ್ತೆ. ಕತ್ತಲಲ್ಲಿ ಕೂತವನಿಗೆ ದೆವ್ವ ಮೈಮೇಲೇ ಬಂದಂಗೆ. ಗಾಜಿನಲ್ಲಿ ಚಿತ್ರದ ಸುತ್ತ ಕಪ್ಪು ಬಳಿದಿರೋದ್ರಿಂದ ಚೌಕಟ್ಟೂ ಕಾಣಲ್ಲ.

ಕಾಡೋದು ಟ್ರಿಕ್ ಅಲ್ಲ, ಅಲ್ಲಿ ಎದ್ದು ಬಂದ ಮುಖಗಳು: ಮರಾ, ರೊಬೆಸ್ಪಿಯರ್. ನೋಡುಗರಲ್ಲಿ ಕೆಲವರು ಒಮ್ಮೆ ಇವರಿಗೆ ಜೈ ಅಂದಿರಬಹುದು, ಕೆಲವರು ನೆರೆಮನೆಯವನ ತಲೆ ಉರುಳುವಾಗ ಸುಮ್ಮನಿದ್ದಿರಬಹುದು. ಅರ್ಧ ಭಯ ಲಾಟೀನಿನದು. ಉಳಿದರ್ಧ ಅವರೇ ಮನೆಯಿಂದ ತಂದದ್ದು.

ನನ್ನ ತಕರಾರು ಇಷ್ಟೇ. ರಾಬರ್ಟ್‌ಸನ್ ತನ್ನ ಆಟ ಬರೀ ವಿಜ್ಞಾನ, ಮೂಢನಂಬಿಕೆ ಬಿಡಿಸೋಕೆ ಅಂತಿದ್ದ. ಮಾತು ಸರಿಯೇ. ಆದರೆ ತಪ್ಪಿತಸ್ಥನಿಗೆ ಅದಕ್ಕಿಂತ ಒಳ್ಳೇ ನೆಪ ಬೇಕಾ? ದೆವ್ವ ಸುಳ್ಳು ಅಂದ ಕೂಡ್ಲೇ ಸತ್ತವರೂ ಸುಳ್ಳಾಗಿಬಿಡ್ತಾರೆ. ಗಲಭೆಯ ವಿಡಿಯೋ ಬಂದಾಗ 'ಎಡಿಟ್ ಮಾಡಿರ್ತಾರೆ ಬಿಡು' ಅಂತ ಸ್ಕ್ರಾಲ್ ಮಾಡೋ ನಮಗೆ ಆ ನೆಪ ಹೊಸದೇನಲ್ಲ.