ಕೋಷ್ಟಕ ತೋರಿಸುವುದೆಲ್ಲ ಇಂಗಾಲದ ಡೈಆಕ್ಸೈಡೇ?

ಜಲಸಸ್ಯಗಳನ್ನು ಬೆಳೆಸುವ ಸಿಹಿನೀರಿನ ಅಕ್ವೇರಿಯಂ ನಿಮ್ಮಲ್ಲಿದ್ದರೆ ಒಂದು ಕೋಷ್ಟಕವನ್ನು ನೀವು ಕಂಡಿರುತ್ತೀರಿ. ಒಂದು ಬದಿಯಲ್ಲಿ ಪಿಎಚ್, ಇನ್ನೊಂದು ಬದಿಯಲ್ಲಿ ಕಾರ್ಬೊನೇಟ್ ಗಡಸುತನ. ಎರಡೂ ಸಂಧಿಸುವ ಮನೆಯಲ್ಲಿ ವಿಲೀನಗೊಂಡ ಇಂಗಾಲದ ಡೈಆಕ್ಸೈಡಿನ ಪ್ರಮಾಣ. ಗಡಸುತನ 4 ಡಿಗ್ರಿ, ಪಿಎಚ್ 6.6 ಇದ್ದರೆ ಲೀಟರಿಗೆ 30 ಮಿಲಿಗ್ರಾಂ. ಸಸ್ಯಪ್ರಿಯರ ಗುರಿಯೂ ಸಾಮಾನ್ಯವಾಗಿ ಇಷ್ಟೇ. ಕೋಷ್ಟಕದ ರಸಾಯನಶಾಸ್ತ್ರದಲ್ಲಿ ತಪ್ಪಿಲ್ಲ. ಅದನ್ನು ಎಂಥ ನೀರಿಗೆ ಬಳಸುತ್ತೇವೆ ಎಂಬುದೇ ತಕರಾರು.

ಈ 30 ಎಷ್ಟು ದೊಡ್ಡದೆಂದು ಮೊದಲು ನೋಡೋಣ. ಹೆನ್ರಿ ನಿಯಮದ ಪ್ರಕಾರ, ದ್ರವದಲ್ಲಿ ಕರಗುವ ಅನಿಲದ ಪ್ರಮಾಣ ಅದರ ಆಂಶಿಕ ಒತ್ತಡಕ್ಕೆ ಅನುಪಾತದಲ್ಲಿರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಂದಿನ ಗಾಳಿಯೊಡನೆ ಸಮತೋಲದಲ್ಲಿರುವ ನೀರಿನಲ್ಲಿರುವುದು ಲೀಟರಿಗೆ ಸುಮಾರು 0.6 ಮಿಲಿಗ್ರಾಂ. ಸಿಲಿಂಡರಿನಿಂದ ನಾವು ತುಂಬಲು ಹೊರಟಿರುವುದು ಅದರ ಐವತ್ತು ಪಟ್ಟು! ನೀರಿನ ಮೇಲ್ಮೈ ಕಲಕಿದಷ್ಟೂ ಅದು ಬೇಗ ಹೊರಬೀಳುತ್ತದೆ.

ನೀರಿನ ಪಿಎಚ್ ಅನ್ನು ಇಂಗಾಲದ ಡೈಆಕ್ಸೈಡ್ ಮತ್ತು ಬೈಕಾರ್ಬೊನೇಟ್ ಮಾತ್ರ ನಿರ್ಧರಿಸುತ್ತವೆಂದು ಕೋಷ್ಟಕ ನಂಬಿದೆ. ತೊಟ್ಟಿಯೊಳಗಿನ ಮರದ ತುಂಡಿನಿಂದ ಒಸರುವ ಆಮ್ಲಗಳೂ ಪಿಎಚ್ ಇಳಿಸುತ್ತವೆ. ಫಾಸ್ಫೇಟ್ ಇದ್ದರೆ ಗಡಸುತನದ ಪರೀಕ್ಷೆ ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಎರಡೂ ಸಂದರ್ಭಗಳಲ್ಲಿ ಕೋಷ್ಟಕ ಇಲ್ಲದ ಅನಿಲವನ್ನು ತೋರಿಸುತ್ತದೆ, ಗಿಡ ಸೊರಗುತ್ತದೆ.

ಅಳತೆಯ ದೋಷವಾದರೋ ಎರಡೂ ಕಡೆಗೆ ವಾಲಬಹುದು. ಬಣ್ಣ ನೋಡಿ ಪಿಎಚ್ ಹೇಳುವಾಗ 0.2ರಷ್ಟು ತಪ್ಪುವುದು ಅಪರೂಪವಲ್ಲ. ನೀವು 6.6 ಎಂದುಕೊಂಡದ್ದು ನಿಜಕ್ಕೂ 6.4 ಆಗಿದ್ದರೆ ಅನಿಲ 48 ಮಿಲಿಗ್ರಾಂ! ಆಗ ಕಿವಿರಿನಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗುವುದು ಕಷ್ಟವಾಗಿ ಮೀನಿನ ರಕ್ತ ಆಮ್ಲೀಯವಾಗುತ್ತದೆ, ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವ ಶಕ್ತಿ ಕುಗ್ಗುತ್ತದೆ. ನೀರಿನಲ್ಲಿ ಸಾಕಷ್ಟು ಆಮ್ಲಜನಕವಿದ್ದರೂ ಮೀನು ಮೇಲೆ ಬಂದು ಬಾಯಿಬಿಡುತ್ತದೆ.

‘ಪಿಎಚ್ ಒಂದು ಅಂಕ ಇಳಿದರೆ 30 ಮಿಲಿಗ್ರಾಂ’ ಎಂಬ ಸುಲಭ ಸೂತ್ರವೂ ಬಳಕೆಯಲ್ಲಿದೆ. ಒಂದು ಅಂಕವೆಂದರೆ ಹತ್ತು ಪಟ್ಟು. ಮೊದಲೇ 3 ಇದ್ದರೆ 30 ಆದೀತು, 0.6 ಇದ್ದರೆ ಬರೀ 6.

ಇವೆರಡಕ್ಕಿಂತ ಗಾಜಿನ ಪುಟ್ಟ ಸೂಚಕವೇ ಮೇಲು. ಶುದ್ಧ ನೀರಿನಲ್ಲಿ ತಯಾರಿಸಿದ 4 ಡಿಗ್ರಿಯ ಬೈಕಾರ್ಬೊನೇಟ್ ದ್ರಾವಣ ಮತ್ತು ಬ್ರೋಮೋಥೈಮಾಲ್ ನೀಲಿ ಅದರಲ್ಲಿರುತ್ತವೆ. ನಡುವೆ ಗಾಳಿಯ ಪದರವಿರುವುದರಿಂದ ಮರದ ಆಮ್ಲವಾಗಲಿ ಫಾಸ್ಫೇಟ್ ಆಗಲಿ ಒಳನುಸುಳಲಾರವು. 30ರ ಆಸುಪಾಸಿನಲ್ಲಿ ಬಣ್ಣ ಹಸಿರು, ಹೆಚ್ಚಾದರೆ ಹಳದಿ. ಆದರೆ ಅದು ಬಣ್ಣ ಬದಲಿಸಲು ಒಂದೆರಡು ಗಂಟೆ ಬೇಕು. ಸೂಚಕ ಇನ್ನೂ ಹಸಿರಾಗಿದ್ದು ಮೀನುಗಳು ಮೇಲ್ಮೈಯಲ್ಲಿ ಗುಂಪುಗೂಡಿದ್ದರೆ, ಮೀನುಗಳನ್ನೇ ನಂಬಿ ಕವಾಟ ಮುಚ್ಚಿ, ಗಾಳಿಯ ಪಂಪು ಹಾಕಿ.