ಕೆರೆ, ಕೆಱೆ, ಏರಿ: ಕೋಲಾರದ ಶಾಸನಗಳನ್ನು ಕೈಯಲ್ಲೇ ಯಾಕೆ ವಿಂಗಡಿಸಬೇಕು?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಶಾಸನ ಓದಲು ಹೊರಟವರಿಗೆ ಇವತ್ತಿಗೂ ಮೊದಲ ಆಸರೆ ಬಿ. ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ. ಅದರ ಸ್ಕ್ಯಾನ್ ಪ್ರತಿ ಈಗ ಮೊಬೈಲಿನಲ್ಲೇ ಸಿಗುತ್ತೆ. ಹಾಗಿರುವಾಗ ಪದ ಹಾಕಿ ಹುಡುಕಿದರೆ ಸಾಲದೇ, ಚೀಟಿ ಬರೆದು ಗುಡ್ಡೆ ಹಾಕೋ ಕೆಲಸ ಯಾಕೆ ಅಂತ ಹಲವರು ಕೇಳ್ತಾರೆ. ಕೆರೆಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಹಳಗನ್ನಡ ಶಾಸನದಲ್ಲಿ ಇರೋದು 'ಕೆಱೆ'. 'ಕೆರೆ' ಅಂತ ಟೈಪಿಸಿದರೆ ಯಂತ್ರಕ್ಕೆ ಅದು ಬೇರೆಯೇ ಪದ. ಕೋಲಾರಮ್ಮನ ಗುಡಿಯಲ್ಲಿರುವಂಥ ಚೋಳರ ಕಾಲದ ತಮಿಳು ಶಾಸನಗಳೂ ಈ ಸೀಮೆಯಲ್ಲಿ ಬೇಕಾದಷ್ಟಿವೆ. ತಮಿಳಿನಲ್ಲಿ 'ಏರಿ' ಅಂದರೆ ಕೆರೆ, ಕನ್ನಡದಲ್ಲಿ ಅದೇ 'ಏರಿ' ಕೆರೆಯ ಕಟ್ಟೆ. ಜೊತೆಗೆ ತೆಲುಗಿನ 'ಚೆರುವು', ಸಂಸ್ಕೃತದ 'ತಟಾಕ'. ಕೆರೆ ಕಟ್ಟಿದವರಿಗೆ ಕೊಟ್ಟ ಮಾನ್ಯದ ಹೆಸರು 'ಕಟ್ಟುಕೊಡಗೆ'. ಆ ಪದದೊಳಗೆ ಕೆರೆಯೇ ಇಲ್ಲ! ಹುಡುಕಾಟದಲ್ಲಿ ಸುಲಭವಾಗಿ ಸಿಗೋದು ಊರ ಹೆಸರಿನ ಬಾಲಕ್ಕೆ ಅಂಟಿಕೊಂಡ ಕೆರೆ ಮಾತ್ರ.

ಇನ್ನು ಮುಳಬಾಗಿಲು ತಾಲ್ಲೂಕಿನ ಆವನಿಗೆ ಬನ್ನಿ. ಅಲ್ಲಿನ ಸ್ಥಾನವನ್ನು 40 ವರ್ಷ ಆಳಿ 931ರಲ್ಲಿ ತೀರಿಕೊಂಡ ತ್ರಿಭುವನಕರ್ತನೆಂಬ ತಪಸ್ವಿ 50 ದೇಗುಲ, 2 ದೊಡ್ಡ ಕೆರೆ ಕಟ್ಟಿಸಿದನೆಂದು ಶಾಸನ ಹೇಳುತ್ತೆ. ಪಟ್ಟಿಯ ಒಂದೇ ಕಾಲಮ್ಮಿನಲ್ಲಿ 'ಮರಣ ಶಾಸನ' ಅಂತ ತುಂಬಿಸಿದರೆ ಕೆರೆಗಳು ಅಲ್ಲೇ ಕಣ್ಮರೆ. ಚೀಟಿ ವಿಂಗಡಿಸುವವನು ಇದನ್ನು ಯಾವ ಗುಡ್ಡೆಗೆ ಹಾಕಲಿ ಅಂತ ಕೈಯಲ್ಲಿ ಹಿಡಿದು ಇನ್ನೊಮ್ಮೆ ಓದಲೇಬೇಕು, ಇನ್ನೆರಡು ಚೀಟಿ ಬರೆಯಲೇಬೇಕು. ಕಂಪ್ಯೂಟರಿನಲ್ಲೂ ಒಂದಕ್ಕೆ ಮೂರು ಗುರುತು ಹಾಕಬಹುದು, ನಿಜ. ಆದರೆ ಯಾವ ಮೂರು ಅನ್ನೋದು ಪೂರ್ತಿ ಓದಿದವನಿಗಷ್ಟೇ ಗೊತ್ತು.

ರೈಸರ ವಿಂಗಡಣೆಯೂ ಕೈಯಲ್ಲೇ ಆದದ್ದು, ಅದನ್ನೂ ಪ್ರಶ್ನಿಸಬೇಕು. ಕಾಲಾನುಕ್ರಮದ ಪಟ್ಟಿ ಕೊಟ್ಟಿದ್ದರೂ ಶಾಸನಗಳಿಗೆ ಅವರು ಸಂಖ್ಯೆ ಕೊಟ್ಟದ್ದು ತಾಲ್ಲೂಕುವಾರು. ಅವರ ಬೌರಿಂಗ್‌ಪೇಟೆ ಈಗ ಬಂಗಾರಪೇಟೆ. ಅಂದಿನ ಉತ್ತರದ ತಾಲ್ಲೂಕುಗಳು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಹೋದವು. ಬಾಣರು, ನೊಳಂಬರು ಈ ಗಡಿ ನೋಡಿ ಆಳಿದವರಲ್ಲ. ಡಿಜಿಟಲ್ ಪಟ್ಟಿಗಳು ತಾಲ್ಲೂಕನ್ನೇ ಮೊದಲ ಕಾಲಮ್ಮಾಗಿ ಉಳಿಸಿಕೊಂಡರೆ 1905ರ ಆಡಳಿತದ ಅನುಕೂಲವೇ ಇತಿಹಾಸದ ಚೌಕಟ್ಟಾಗಿಬಿಡುತ್ತೆ.

ಚೀಟಿಗೂ ದೋಷಗಳಿವೆ: ಕಳೆದುಹೋಗುತ್ತೆ, ಒಬ್ಬರ ಪೆಟ್ಟಿಗೆಯಲ್ಲೇ ಉಳಿಯುತ್ತೆ. ಸವೆದ ಅಕ್ಷರ ಓದೋಕೆ 3ಡಿ ಸ್ಕ್ಯಾನ್‌ನಷ್ಟು ನೆರವು ಚೀಟಿಯಿಂದ ಸಿಗೋದಿಲ್ಲ. ಆದ್ದರಿಂದ ಮೊದಲು ಓದಿ, ಚೀಟಿ ಮಾಡಿ, ಗುಡ್ಡೆಗಳು ಗಟ್ಟಿಯಾದ ಮೇಲೆ ಕಂಪ್ಯೂಟರಿಗೆ ಹಾಕೋದು ಸರಿಯಾದ ಕ್ರಮ. ಇದು ಬರೀ ವಿದ್ವಾಂಸರ ತಕರಾರಲ್ಲ. ತಮ್ಮೂರ ಕೆರೆಯ ದಾಖಲೆ ಹುಡುಕುವ ಹುಡುಗನಿಗೆ ಪರದೆ 'ಫಲಿತಾಂಶ ಇಲ್ಲ' ಅಂದರೆ, ಕೆರೆಗೆ ಇತಿಹಾಸವೇ ಇಲ್ಲ ಅಂದುಕೊಂಡು ಅವನು ಸುಮ್ಮನಾಗಿಬಿಡಬಹುದು. ಕಲ್ಲಿನಲ್ಲಿ ಮಾತ್ರ 'ಕೆಱೆ' ಅಂತಲೋ 'ಏರಿ' ಅಂತಲೋ ಬರೆದೇ ಇರುತ್ತೆ.