ಜೀವರಸಾಯನದ ಪರಿಭಾಷೆಯಲ್ಲಿ ‘ಭಾಷಾಂತರ’

ವಿಶ್ವವಿದ್ಯಾನಿಲಯಗಳಲ್ಲಿ ಜೀವರಸಾಯನವನ್ನೂ ಆಣ್ವಿಕ ಜೀವಶಾಸ್ತ್ರವನ್ನೂ ಬೋಧಿಸುವ ಪಠ್ಯಗ್ರಂಥಗಳನ್ನು ಸಾಹಿತ್ಯದ ವಿದ್ಯಾರ್ಥಿಯು ತೆರೆದು ನೋಡಿದರೆ, ಅಲ್ಲಿಯ ಪರಿಭಾಷೆಯು ತನ್ನ ಮನೆಯದೇ ಎಂದು ಬೆರಗಾಗುವನು. ಡಿ.ಎನ್.ಎ.ಯ ಅಕ್ಷರಕ್ರಮವು ಆರ್.ಎನ್.ಎ.ಯಲ್ಲಿ ಮೂಡುವುದು ‘ಪ್ರತಿಲೇಖನ’. ಆ ಪ್ರತಿಯನ್ನನುಸರಿಸಿ ರೈಬೋಸೋಮ್ ಎಂಬ ಕಣದಲ್ಲಿ ಅಮೈನೋ ಆಮ್ಲಗಳು ಸರಪಣಿಗೊಂಡು ಪ್ರೋಟೀನಾಗುವುದು ‘ಭಾಷಾಂತರ’. ಈ ಎರಡನೆಯ ಮಾತಿನ ಗುಣದೋಷಗಳು ವಿಚಾರಣೀಯವಾಗಿವೆ.

ಗುಣವು ಸ್ಪಷ್ಟವಾಗಿದೆ. ಆರ್.ಎನ್.ಎ.ಯ ಅಕ್ಷರಗಳು 4. ಪ್ರೋಟೀನಿನ ಘಟಕಗಳು ಸಾಮಾನ್ಯವಾಗಿ 20. ಮೂರು ಮೂರು ಅಕ್ಷರಗಳು ಕೂಡಿ ಆಗುವ 64 ಪದಗಳಲ್ಲಿ 61 ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ. ಮಿಕ್ಕ 3 ಸಮಾಪ್ತಿಯ ಚಿಹ್ನೆಗಳು. ಅಕ್ಷರಗಳಿಗೂ ಆಮ್ಲಗಳಿಗೂ ರೂಪಸಾಮ್ಯವಿಲ್ಲ. ಆದುದರಿಂದ ಇವೆರಡನ್ನೂ ಹೊಂದಿಸುವ ಅಣುವೊಂದು ಇರಬೇಕೆಂದು ಫ್ರಾನ್ಸಿಸ್ ಕ್ರಿಕ್ ಅವರು 1955ರಲ್ಲಿಯೇ ಊಹಿಸಿದರು, ವಾಹಕ ಆರ್.ಎನ್.ಎ.ಯೇ ಅದೆಂದು ಮುಂದೆ ತಿಳಿದುಬಂದಿತು. ಈ ಅಂತರವನ್ನು ಮನಸ್ಸಿಗೆ ತರುವಷ್ಟರಮಟ್ಟಿಗೆ ‘ಭಾಷಾಂತರ’ವೆಂಬ ಪದವು ಸಾರ್ಥಕವೇ ಸರಿ.

ದೋಷವಿರುವುದು ಭಾಷಾಂತರಕಾರನು ಯಾರೆಂಬಲ್ಲಿ. ಪದವು ವಿದ್ಯಾರ್ಥಿಯ ದೃಷ್ಟಿಯನ್ನು ರೈಬೋಸೋಮಿನ ಕಡೆಗೆ ತಿರುಗಿಸುತ್ತದೆ. ಆದರೆ 1962ರಲ್ಲಿ ಶಾಪ್‌ವಿಲ್, ಲಿಪ್‌ಮನ್ ಮೊದಲಾದವರು, ತನ್ನ ವಾಹಕಕ್ಕೆ ಅಂಟಿಕೊಂಡಿದ್ದ ಸಿಸ್ಟೀನನ್ನು ಬಿಡಿಸದೆಯೇ ನಿಕ್ಕಲಿನ ಸಹಾಯದಿಂದ ಅಲನೀನಾಗಿ ಮಾರ್ಪಡಿಸಿದರು. ಆಗ ರೈಬೋಸೋಮು ಸಿಸ್ಟೀನಿನ ಸ್ಥಾನದಲ್ಲಿ ಅಲನೀನನ್ನೇ ಸೇರಿಸಿತು! ಎಂದರೆ, ಅದು ವಾಹಕದ ಗುರುತನ್ನು ಓದಿತೇ ಹೊರತು ಹೊರೆಯನ್ನು ಪರೀಕ್ಷಿಸಲಿಲ್ಲ. ಉಭಯಭಾಷೆಗಳನ್ನೂ ಬಲ್ಲದ್ದು, ಅದಕ್ಕೆ ಮೊದಲೇ ಆಯಾ ಆಮ್ಲವನ್ನು ಆಯಾ ವಾಹಕಕ್ಕೆ ಜೋಡಿಸುವ ಸಿಂಥೆಟೇಸ್ ಎಂಬ ಕಿಣ್ವವು. ಐಸೋಲ್ಯೂಸೀನಿಗೂ ವ್ಯಾಲೀನಿಗೂ ಇರುವ ಭೇದವು ಒಂದು ಇಂಗಾಲ, ಎರಡು ಜಲಜನಕದ ಪರಮಾಣುಗಳಷ್ಟೇ. ತಪ್ಪಿ ವ್ಯಾಲೀನನ್ನು ಹಿಡಿದ ಐಸೋಲ್ಯೂಸೀನಿನ ಕಿಣ್ವವು ಅದನ್ನು ಕಡಿದು ಹಾಕಿ ತಿದ್ದಿಕೊಳ್ಳುತ್ತದೆ. ಅಣುವಿನ ಆಕಾರ, ಬಂಧನಶಕ್ತಿ ಇವುಗಳಿಂದ ನಡೆಯುವ ಈ ವಿವೇಚನೆಯೇ ಜೀವರಸಾಯನದ ಜೀವಾಳ. ‘ರೈಬೋಸೋಮು ಭಾಷಾಂತರಿಸುತ್ತದೆ’ ಎಂದು ಬರೆದು ತೇರ್ಗಡೆಯಾಗುವವನಿಗೆ ಇದು ದಕ್ಕದು.

ನಮ್ಮ ಆಲಂಕಾರಿಕರು ಲಕ್ಷಣೆಗೆ ರೂಢಿ, ಪ್ರಯೋಜನವೆಂದು ಎರಡು ನೆಲೆಗಳನ್ನು ಹೇಳಿರುವರು. ಪ್ರಯೋಜನದಿಂದ ಹುಟ್ಟಿದ ಈ ಲಾಕ್ಷಣಿಕ ಪ್ರಯೋಗವು ತರಗತಿಯಲ್ಲಿ ಬರಿಯ ರೂಢಿಯಾಗಿ ನಿಂತಿದೆ. ಪದವನ್ನು ಬಿಡಬೇಕಾದುದಿಲ್ಲ, ಮುಖ್ಯಾರ್ಥವು ಎಲ್ಲಿ ಬಾಧಿತವಾಗುವುದೆಂಬುದನ್ನು ಅಧ್ಯಾಪಕರು ಪದದೊಡನೆಯೇ ಬೋಧಿಸಬೇಕು. ಅದಕ್ಕೆ 1962ರ ಆ ಪ್ರಯೋಗಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ.